ಅಂಡರ್‌ಸ್ಕೋರಿಗೆ ಬ್ಲೌಸ್ ಪೀಸು ಎಂದವರು

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ವಾಕಿಂಗ್ ಮುಗಿಸಿ ಏಳು ಗಂಟೆಗೆ ಸರಿಯಾಗಿ ಕಾಫಿಗೆ ಕೂತಿದ್ದೆ. ಹಳ್ಳಿಮೈಸೂರಿನಿಂದ ಒಬ್ಬ ಹಳೆಯ ವಿದ್ಯಾರ್ಥಿನಿಯ ಫೋನ್ ಬಂತು. “ಸಾ, ನಮ್ಮ ಮೇಡಂ ರಿಟೈರಾದ್ರಂತೆ. ಅವರ ಬಗ್ಗೆ ನೀವು ಏನಾದ್ರೂ ಬರೀಲೇಬೇಕು” ಎಂದಳು. ನಾನು ಬರೆಯುವವನಲ್ಲ. ಹೊಳೆನರಸೀಪುರದ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಆಫೀಸ್ ಸೂಪರಿಂಟೆಂಡೆಂಟ್ ಆಗಿದ್ದವನು. ಜೀವಮಾನವೆಲ್ಲ ಬರೆದದ್ದು ಸುತ್ತೋಲೆ, ಜ್ಞಾಪನ, ನೋಟಿಸು, ಇಷ್ಟೇ. ಆದರೂ ಅವಳು ಹೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಮೇಡಂ ಅವರಿಗೇ ಫೋನ್ ಮಾಡಿ ಅನುಮತಿ ಕೇಳಿದೆ.

“ಬರೀರಿ ಸಾರ್. ಹೆಸರು ಮಾತ್ರ ಹಾಕಬೇಡಿ. ಮುಂದೆ ಉಪಯೋಗ ಇಲ್ದೇ ಇರೋದಕ್ಕೆಲ್ಲ ಹೆಸರು ಯಾಕೆ?” ಎಂದರು.

ಅದು ಅವರು ಪ್ರೋಗ್ರಾಮಿಂಗ್ ತರಗತಿಯಲ್ಲಿ ಹೇಳಿಕೊಡುತ್ತಿದ್ದ ಮೊದಲ ಪಾಠ. ಹಾಗಾಗಿ ಇಲ್ಲಿ ಅವರು ಬರೀ ಮೇಡಂ.

ಅವರು ನಮ್ಮಲ್ಲಿಗೆ ಬಂದಾಗ ನಲವತ್ತು ದಾಟಿತ್ತು. ಕುಳ್ಳಗಿನ ಆಳು, ದಪ್ಪ ಕನ್ನಡಕ, ಚುರುಕು ನಡಿಗೆ. ಚನ್ನರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ಕೈಯಲ್ಲಿ ಯಾವಾಗಲೂ ಒಂದು ಛತ್ರಿ. ಅದನ್ನು ಬಿಚ್ಚಿದ್ದನ್ನು ನಾನು ಒಂದು ಮಳೆಗಾಲದಲ್ಲೂ ನೋಡಲಿಲ್ಲ. ಅದು ಇದ್ದದ್ದು ಬಸ್ಸಿನ ಕಿಟಕಿಯೊಳಕ್ಕೆ ಎಸೆದು ಸೀಟು ಹಿಡಿಯುವುದಕ್ಕೆ. ನಮ್ಮಲ್ಲಿ ಅವರದು ಕಾಯಂ ಕೆಲಸವಲ್ಲ. ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಜೂನ್‌ನಲ್ಲಿ ಅವರ ಆದೇಶವನ್ನು ನಾನು ಹೊಸದಾಗಿ ಟೈಪು ಮಾಡಬೇಕಾಗಿತ್ತು. ಎಂಟು ವರ್ಷ ಹಾಗೆ ಮಾಡಿದ್ದೇನೆ. ಎಂಟು ವರ್ಷ ಒಬ್ಬರು ಒಂದು ಮನೆಯಲ್ಲಿದ್ದರೆ ಅವರನ್ನು ಅತಿಥಿ ಎನ್ನುತ್ತಾರೆಯೇ? ಕಡತದಲ್ಲಿ ಅನ್ನುತ್ತಾರೆ.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ಇಲ್ಲದಿದ್ದರೆ ನಮ್ಮಿಬ್ಬರ ಜಗಳ ಅರ್ಥವಾಗುವುದಿಲ್ಲ. ನಾನು ಓದಿದ್ದು ಹಾಸನದ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ. ಐದಕ್ಕೆ ಗಂಟೆ, ಐದೂಕಾಲಿಗೆ ತಣ್ಣೀರು, ಐದೂಮುಕ್ಕಾಲಿಗೆ ಪ್ರಾರ್ಥನೆ. ಚಾಪೆಯನ್ನು ಸುತ್ತಿ ಬಾಯಿ ಗೋಡೆಯ ಕಡೆಗೆ ಬರುವಂತೆ ಇಡಬೇಕು. ಬಾಗಿಲ ಕಡೆಗೆ ಇಟ್ಟವನಿಗೆ ಅವತ್ತು ಮಜ್ಜಿಗೆ ಇಲ್ಲ. ಅಲ್ಲಿ ಕಲಿತದ್ದು ಒಂದೇ: ಕೈಗೆ ಬಂದದ್ದೆಲ್ಲಕ್ಕೂ ಒಂದು ಜಾಗ ಇರಬೇಕು, ಯಾವುದೂ ಖಾಲಿ ಇರಬಾರದು.

ಇಂಥ ನಾನು ತಯಾರಿಸಿದ ಲ್ಯಾಬ್ ರಿಜಿಸ್ಟರಿನಲ್ಲಿ ಹದಿನಾಲ್ಕು ಕಾಲಂ ಇದ್ದವು. ಮೇಡಂ ಮೊದಲ ದಿನವೇ ಅದರಲ್ಲಿ ಐದನ್ನು ತುಂಬಿ, ಉಳಿದ ಒಂಬತ್ತರಲ್ಲಿ ಕೆಳಗಡೆಗೆ ಒಂದೊಂದು ಚಿಕ್ಕ ಗೆರೆ ಎಳೆದು ಕಳಿಸಿದರು. ನಾನು ಕರೆಸಿದೆ.

“ಮೇಡಂ, ಕಾಲಂ ಖಾಲಿ ಬಿಡೋ ಹಾಗಿಲ್ಲ.”

“ಖಾಲಿ ಎಲ್ಲಿ ಬಿಟ್ಟಿದ್ದೀನಿ ಸಾರ್? ಗೆರೆ ಹಾಕಿದ್ದೀನಲ್ಲ.”

“ಗೆರೆ ಅಂದರೆ ಖಾಲಿನೇ ಅಲ್ವೇ?”

“ಅಲ್ಲ ಸಾರ್. ಖಾಲಿ ಬಿಟ್ಟರೆ ನಾನು ಮರೆತೆ ಅಂತ. ಗೆರೆ ಎಳೆದರೆ ನೋಡಿದೆ, ಬೇಡ ಅಂತ ಬೇಕಂತಲೇ ಬಿಟ್ಟೆ ಅಂತ.” ಆಮೇಲೆ ರಿಜಿಸ್ಟರನ್ನು ನನ್ನ ಕಡೆಗೆ ತಿರುಗಿಸಿ, “ಹನ್ನೊಂದನೇ ಕಾಲಂ ಓದಿ” ಎಂದರು.

ಓದಿದೆ. ‘ಕೊಠಡಿಯಲ್ಲಿರುವ ಲಾಟೀನುಗಳ ಸಂಖ್ಯೆ.’ ಅದು ಕಾಲೇಜು ಶುರುವಾದ ಕಾಲದ ಒಂದು ರಿಜಿಸ್ಟರಿನಿಂದ ನಾನು ನಕಲು ಮಾಡಿಕೊಂಡದ್ದು. ಕಂಪ್ಯೂಟರ್ ಲ್ಯಾಬಿನಲ್ಲಿ ಮೇಡಂ ಅವರಿಗೆ ಮೊದಲು ಇದ್ದವರೆಲ್ಲ ಪ್ರತಿದಿನ ನಿಷ್ಠೆಯಿಂದ ‘ಸೊನ್ನೆ’ ಎಂದು ತುಂಬಿದ್ದರು. ನಾನೂ ನಿಷ್ಠೆಯಿಂದ ಸಹಿ ಹಾಕಿದ್ದೆ. “ಸರಿ, ಇದೊಂದು ಸಲ” ಎಂದೆ. ಆ ಇದೊಂದು ಸಲ ಎಂಟು ವರ್ಷ ನಡೆಯಿತು.

ಅವರ ಗೆರೆಯ ಮೂಲ ಪ್ರೋಗ್ರಾಮಿಂಗಿನಲ್ಲಿತ್ತು. ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಕಂಪ್ಯೂಟರಿಗೆ ಒಂದು ಕೆಲಸ ಹೇಳಿದರೆ ಅದು ಕೆಲವೊಮ್ಮೆ ಒಂದು ಉತ್ತರದ ಬದಲು ಮೂರು ನಾಲ್ಕು ಉತ್ತರ ತಂದುಕೊಡುತ್ತದೆ. ನಮಗೆ ಬೇಕಾದದ್ದು ಒಂದೇ. ಉಳಿದವಕ್ಕೂ ಹೆಸರಿಟ್ಟುಕೊಂಡು, ಆಮೇಲೆ ಆ ಹೆಸರನ್ನು ಎಲ್ಲೂ ಬಳಸದೆ ಬಿಟ್ಟರೆ ಅದು ಹಳದಿ ಗುರುತು ಹಾಕಿ ಗೊಣಗುತ್ತದೆ. ಇವನು ಮರೆತಿರಬೇಕು ಎಂದುಕೊಳ್ಳುತ್ತದೆ. ಹೆಸರಿನ ಜಾಗದಲ್ಲಿ ಒಂದು ಅಂಡರ್‌ಸ್ಕೋರ್, ಅಂದರೆ ಸಾಲಿನ ತಳದಲ್ಲಿ ಒಂದು ಚಿಕ್ಕ ಅಡ್ಡಗೆರೆ ಹಾಕಿದರೆ ಸುಮ್ಮನಾಗುತ್ತದೆ. ಬಂದದ್ದು ಗೊತ್ತು, ಬೇಡ, ಬೇಕೆಂದೇ ಬಿಟ್ಟಿದ್ದೇನೆ ಎಂದು ಅದರ ಅರ್ಥ.

ಇದನ್ನು ಪುಸ್ತಕದಲ್ಲಿದ್ದ ಹಾಗೆ ಹೇಳಿದರೆ ನಮ್ಮ ಹುಡುಗರು ತಲೆಯಾಡಿಸುತ್ತಿದ್ದರು, ಅಷ್ಟೆ. ಗೌರಿ ಹಬ್ಬ ಮುಗಿದ ವಾರ ಮೇಡಂ ಲ್ಯಾಬಿಗೆ ಒಂದು ಸ್ಟೀಲಿನ ತಟ್ಟೆ ತಂದರು. ಅದರಲ್ಲಿ ಅರಿಶಿನ ಕುಂಕುಮ, ಎಲೆ ಅಡಿಕೆ, ಒಂದು ತೆಂಗಿನಕಾಯಿ, ಒಂದು ಬ್ಲೌಸ್ ಪೀಸು. ತಾಂಬೂಲದ ತಟ್ಟೆಯನ್ನು ದುದ್ದದ ಕಡೆಯ ಒಬ್ಬ ಹುಡುಗನ ಕೈಗೆ ಕೊಟ್ಟರು. ನಾನು ಹಾಜರಾತಿ ನೋಡಲು ಬಾಗಿಲಲ್ಲಿ ನಿಂತಿದ್ದೆ.

“ತಗೋ. ಈಗ ಏನ್ ಮಾಡ್ತೀಯ?”

“ಕಾಯಿ ಮನೆಗೆ ತಕ್ಕೊಂಡೋಯ್ತೀನಿ ಮೇಡಂ. ಚಟ್ನಿಗಾಯ್ತದೆ.”

“ಬ್ಲೌಸ್ ಪೀಸು?”

“ನಮ್ಮವ್ವುಂಗೆ ಕೊಡ್ತೀನಿ.”

“ನಿಮ್ಮವ್ವ ಹೊಲಿಸ್ಕೊಳ್ತಾರಾ?”

“ಅಯ್ಯೋ, ಆ ಬಟ್ಟೆನಾ? ಸೂಜಿ ಚುಚ್ಚಿದ್ರೆ ಅರ್ದೋಯ್ತದೆ. ಬೀರುಗೆ ಮಡಗ್ತಾಳೆ.”

“ಆಮೇಲೆ?”

“ಯಾರಾದ್ರೂ ಮನೆಗೆ ಬಂದಾಗ ಅವರ್ಗೆ ಕೊಟ್ಬುಡ್ತಾಳೆ.”

“ಅವರು?”

“ಅವರೂ ಬೀರುಗೆ ಮಡಗ್ತಾರೆ. ಅದು ಇಂಗೇ ಸುತ್ತತಾ ಇರ್ತದೆ ಮೇಡಂ, ಯಾರೂ ಒಲಿಯಲ್ಲ.”

“ಹಾಗಾದ್ರೆ ನಿಮ್ಮವ್ವ ಅದನ್ನ ಬೇಡ ಅನ್ನಬಹುದಲ್ಲ?”

ತರಗತಿಯ ಹುಡುಗಿಯರೆಲ್ಲ ಒಟ್ಟಿಗೆ, “ಅಯ್ಯಯ್ಯೋ, ಬೇಡ ಅನ್ನಕ್ಕಾಯ್ತದಾ ಮೇಡಂ!” ಎಂದರು.

“ಅಷ್ಟೇ” ಎಂದು ಮೇಡಂ ಬೋರ್ಡಿನ ಮೇಲೆ ಒಂದು ಗೆರೆ ಎಳೆದರು. “ಕೊಟ್ಟದ್ದನ್ನ ಈಸ್ಕೋಬೇಕು. ಬೇಕಾದ್ದು ಕಾಯಿ. ಉಳಿದದ್ದು ಇದು.”

ಅಂದಿನಿಂದ ನಮ್ಮ ಕಾಲೇಜಿನಲ್ಲಿ ಅಂಡರ್‌ಸ್ಕೋರ್ ಎಂಬ ಪದ ಸತ್ತೇಹೋಯಿತು. ಲ್ಯಾಬಿನ ಮುಂದೆ ಹಾದುಹೋದರೆ ಕೇಳುತ್ತಿದ್ದದ್ದು, “ಮೇಡಂ, ಇಲ್ಲೊಂದು ಬ್ಲೌಸ್ ಪೀಸು ಆಕ್ಲಾ?” “ಲೇ, ಎರಡು ಬ್ಲೌಸ್ ಪೀಸು ಯಾಕ್ಲಾ ಆಕ್ದೆ, ಒಂದು ತೆಗಿ.” ಸಂಪ್ರದಾಯಸ್ಥ ಮನೆತನದ ನಮ್ಮ ಪ್ರಿನ್ಸಿಪಾಲರು ಒಮ್ಮೆ ಇದನ್ನು ಕೇಳಿಸಿಕೊಂಡು, ಲ್ಯಾಬಿನಲ್ಲಿ ಹೊಲಿಗೆ ತರಗತಿಗೆ ಯಾರು ಅನುಮತಿ ಕೊಟ್ಟದ್ದು ಎಂದು ನನ್ನನ್ನು ವಿಚಾರಿಸಿದರು.

ನಾನು ಮಾಡಿದ್ದು ಇಷ್ಟು: ಯಂತ್ರಗಳ ಹತ್ತಿರ ನೀರಿರುವ ವಸ್ತು ಇರಬಾರದು ಎಂಬ ನಿಯಮದಂತೆ ತೆಂಗಿನಕಾಯಿಯನ್ನು ವಶಪಡಿಸಿಕೊಂಡು ದಾಸ್ತಾನು ಪುಸ್ತಕದಲ್ಲಿ ಬರೆದೆ. ಮುಂದೆ ಅದು ಚಟ್ನಿಯಾಯಿತು. ಆದರೆ ಪುಸ್ತಕದಿಂದ ತೆಗೆಯಲು ಸರಿಯಾದ ನಮೂನೆ ಸಿಗದೆ, ಮೂರು ವರ್ಷ ನಮ್ಮ ಲ್ಯಾಬಿನಲ್ಲಿ ಇಪ್ಪತ್ತು ಕಂಪ್ಯೂಟರ್, ಇಪ್ಪತ್ತು ಕುರ್ಚಿ, ಒಂದು ತೆಂಗಿನಕಾಯಿ ಇದ್ದವು.

ಮೇಡಂ ಅವರ ಗೆರೆ ಬೋರ್ಡಿನಿಂದ ಇಳಿದು ಕೈಗೂ ಬಂದಿತ್ತು. ಯಾರಾದರೂ ಬೇಡದ ಮಾತಾಡಿದರೆ ಅವರ ಬಲಗೈ ತೋರುಬೆರಳು ಮೇಜಿನ ಅಂಚಿನಲ್ಲಿ ಸದ್ದಿಲ್ಲದೆ ಎಡದಿಂದ ಬಲಕ್ಕೆ ಎರಡು ಅಂಗುಲ ಹೋಗುತ್ತಿತ್ತು. ಮುಖದಲ್ಲಿ ಪೂರ್ತಿ ಮರ್ಯಾದೆ. ತಿಂಗಳ ಸಿಬ್ಬಂದಿ ಸಭೆಯಲ್ಲಿ ಪ್ರಿನ್ಸಿಪಾಲರು ಮುಕ್ಕಾಲು ಗಂಟೆ ಮಾತಾಡುವಾಗ ನಾವೆಲ್ಲ ಅವರ ಬಾಯಿ ನೋಡುವುದು ಬಿಟ್ಟು ಮೇಡಂ ಬೆರಳು ನೋಡುತ್ತಿದ್ದೆವು. ಒಂದು ಸಭೆಯಲ್ಲಿ ಹನ್ನೊಂದು ಗೆರೆ ಬಿದ್ದವು. ಕೊನೆಯಲ್ಲಿ ಪ್ರಿನ್ಸಿಪಾಲರು, “ಎಲ್ಲರೂ ಇವರನ್ನು ನೋಡಿ ಕಲೀಬೇಕು. ನಾನು ಹೇಳಿದ ಒಂದೊಂದು ಅಂಶವನ್ನೂ ಬೆರಳಲ್ಲಿ ಎಣಿಸ್ಕೋತಾರೆ” ಎಂದು ಹೊಗಳಿದರು. ಮೇಡಂ ವಿನಯದಿಂದ ತಲೆ ಬಗ್ಗಿಸಿ ಹನ್ನೆರಡನೆಯದನ್ನು ಎಳೆದರು.

ನನಗೂ ಒಂದು ಪಾಠ ಆಯಿತು. ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ ನಾನು ಹಾಜರಾತಿ ಪುಸ್ತಕದ ಬಳಿ ನಿಂತು, ಬಂದವರನ್ನೆಲ್ಲ “ತಿಂಡಿ ಆಯ್ತಾ?” ಎಂದು ಕೇಳುವುದು ರೂಢಿ. ಒಂದು ಶನಿವಾರ ಮೇಡಂ ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟರು.

“ಇದೇನು ಮೇಡಂ?”

“ಈ ವಾರ ನೀವು ತಿಂಡಿ ಆಯ್ತಾ ಅಂದದ್ದಕ್ಕೆ ನಾನು ಕೊಟ್ಟ ಉತ್ತರ, ಅದಕ್ಕೆ ನೀವು ಅಂದದ್ದು.”

ಓದಿದೆ. ಸೋಮವಾರ: ‘ಇಲ್ಲ ಸಾರ್.’ ‘ಒಳ್ಳೇದು.’ ಮಂಗಳವಾರ: ‘ಇಟ್ಟಿಗೆ ತಿಂದೆ ಸಾರ್.’ ‘ಸಂತೋಷ.’ ಬುಧವಾರ: ‘ಬಂದ ಬಸ್ಸನ್ನೇ ತಿಂದೆ, ಚಕ್ರ ಮಾತ್ರ ಬಿಟ್ಟೆ.’ ‘ಆಗಲಿ, ಆಗಲಿ.’ ಗುರುವಾರ: ‘ಕಂಡಕ್ಟರು ಉಳಿದಿದ್ದಾರೆ, ನಿಮಗೆ ಬೇಕಾ?’ ‘ನಮ್ದು ಆಯ್ತು, ಮನೇಲೇ.’ 

ನನಗೆ ನಾಚಿಕೆಯಾಯಿತು. “ಕೇಳಿಸಲಿಲ್ಲ ಮೇಡಂ” ಎಂದೆ.

“ಕೇಳಿಸ್ಕೋಬೇಕು ಅಂತ ನೀವು ಕೇಳೋದೇ ಇಲ್ವಲ್ಲ ಸಾರ್. ಅದು ತಪ್ಪಲ್ಲ. ಬೇಡ ಅಂತ ಗೊತ್ತಿದ್ದು ಬಿಡಿ, ಗೊತ್ತಿಲ್ದೆ ಬಿಡಬೇಡಿ.”

ಸೋಮವಾರದಿಂದ ಒಬ್ಬೊಬ್ಬರ ಉತ್ತರವನ್ನೂ ನಿಂತು ಕೇಳಿದೆ. ಕೇಳುವವನೊಬ್ಬ ಸಿಕ್ಕಿದ ಎಂದು ಗೊತ್ತಾದ ಕೂಡಲೇ ಇಡೀ ಕಾಲೇಜು ನನ್ನ ಮುಂದೆ ಸಾಲು ನಿಂತಿತು. ಗಣಿತದವರು ಮನೆಯ ಉಪ್ಪಿಟ್ಟಿನ ಮೇಲೆ ದೂರು ಹೇಳಿದರು. ಪ್ರಿನ್ಸಿಪಾಲರು ಹೊಟ್ಟೆಯುರಿಯ ಪೂರ್ತಿ ಇತಿಹಾಸ ಹೇಳಿದರು. ಮೊದಲ ಗಂಟೆ ಹನ್ನೆರಡು ನಿಮಿಷ ತಡವಾಗಿ ಹೊಡೆಯಿತು. ನನ್ನ ಸೇವೆಯಲ್ಲೇ ಅದು ಮೊದಲು. ಮಂಗಳವಾರದಿಂದ ಮತ್ತೆ ಹಳೆಯ ಪದ್ಧತಿಗೆ ಹೋದೆ. ಆದರೆ ಕೇಳುವಾಗ ಮೇಜಿನ ಅಂಚಿನಲ್ಲಿ ಬೆರಳು ಎಳೆಯುತ್ತಿದ್ದೆ. ಮೇಡಂ ದೂರದಿಂದ ನೋಡಿ, ಸರಿ ಎನ್ನುವಂತೆ ತಲೆಯಾಡಿಸಿದರು.

ಇಷ್ಟಾದರೂ ಅವರು ಎಲ್ಲವನ್ನೂ ಬಿಟ್ಟುಬಿಡುವವರಲ್ಲ. ಲ್ಯಾಬಿನ ಯುಪಿಎಸ್ ಒಂದು ತಿಂಗಳಿಂದ ಕುಂಯ್ ಕುಂಯ್ ಎನ್ನುತ್ತಿತ್ತು. “ಅದು ಯಾವಾಗಲೂ ಹಾಗೇ ಮೇಡಂ, ಗೆರೆ ಎಳೀರಿ” ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. “ಕಾಯಿ ಒಳ್ಳೇದಿದ್ದಾಗ ಬ್ಲೌಸ್ ಪೀಸು ಬಿಡಬಹುದು ಸಾರ್. ಕಾಯೇ ಕೊಳೆತಿದ್ರೆ? ಕೆಟ್ಟಿದೆ ಅನ್ನೋ ಸುದ್ದಿಗೆ ಮಾತ್ರ ಗೆರೆ ಎಳೀಬಾರದು” ಎಂದು ಅದನ್ನು ಬಿಚ್ಚಿಸಿದರು. ಒಳಗೆ ಒಂದು ಹೆಗ್ಗಣ ಸಂಸಾರಸಮೇತ ಇತ್ತು. ವೈರನ್ನು ಮುಕ್ಕಾಲು ಪಾಲು ತಿಂದು ಮುಗಿಸಿತ್ತು. ಮಕ್ಕಳಿಗೆ ಇದನ್ನೂ ಪಾಠ ಮಾಡಿದರು: ಎರರ್ ಬಂದರೆ, ಅಂದರೆ ಕೆಲಸ ಕೆಟ್ಟಿದೆ ಎಂದು ಕಂಪ್ಯೂಟರ್ ತಾನೇ ಬಂದು ಹೇಳಿದರೆ, ಅಲ್ಲಿ ಬ್ಲೌಸ್ ಪೀಸು ಹಾಕುವಂತಿಲ್ಲ. ಹಾಕಿದವನಿಗೆ ಅವತ್ತು ಲ್ಯಾಬಿನಿಂದ ಬಿಡುಗಡೆಯೂ ಇಲ್ಲ.

ಎಂಟನೆಯ ವರ್ಷ ಆಡಳಿತ ಮಂಡಳಿಯವರು ಕಂಪ್ಯೂಟರ್ ವಿಭಾಗಕ್ಕೆ ಒಂದೇ ಒಂದು ಕಾಯಂ ಹುದ್ದೆ ಮಾಡಿದರು. ಮೇಡಂ ಅವರಿಗೆ ಆಗ ಐವತ್ತು ಹತ್ತಿರ. ಇದು ತಪ್ಪಿದರೆ ಇನ್ನೊಂದು ಸಿಗುವ ವಯಸ್ಸಲ್ಲ. ಮಂಡಳಿಯ ಷರತ್ತು ಸರಳವಾಗಿತ್ತು: ಈ ಸಲದ ಪ್ರಾಯೋಗಿಕ ಪರೀಕ್ಷೆಯ ಬಗ್ಗೆ ಹೊರಗಿನ ಪರೀಕ್ಷಕರು ಒಳ್ಳೆಯ ವರದಿ ಕೊಟ್ಟರೆ ಹುದ್ದೆ ಅವರಿಗೆ, ಒಂದು ದೂರು ಬಂದರೂ ಇಲ್ಲ. ಆ ಪತ್ರವನ್ನು ಅವರ ಕೈಗೆ ಕೊಟ್ಟವನು ನಾನೇ. ಅವರು ಎರಡು ಸಲ ಓದಿ ಮಡಿಸಿಟ್ಟುಕೊಂಡರು. “ಇಷ್ಟು ವರ್ಷ ನಂದು ಛತ್ರಿ ಎಸೆದು ಹಿಡಿದ ಸೀಟು ಸಾರ್. ಒಂದ್ಸಲ ರಿಸರ್ವೇಶನ್ ಆಗಲಿ” ಎಂದರು.

ಪರೀಕ್ಷಕರು ಹಾಸನದ ಇನ್ನೊಂದು ಕಾಲೇಜಿನಿಂದ ಬಂದರು. ಎತ್ತರದ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ. ಒಂಬತ್ತೂವರೆಗೆ ಎಂದರೆ ಒಂಬತ್ತು ಇಪ್ಪತ್ತೆಂಟಕ್ಕೆ ಬಂದರು. ನನಗೆ ಮನಸ್ಸಿನಲ್ಲೇ ಸಂತೋಷವಾಯಿತು. ಕಲಿಸಿದವರು ಎದುರಿಗಿದ್ದರೆ ಮಕ್ಕಳು ಅವರ ಮುಖ ನೋಡಿ ಉತ್ತರ ಹೇಳುತ್ತಾರೆ ಎಂದು ಮೇಡಂ ಅವರನ್ನು ಹೊರಗೆ ಜಗಲಿಯ ಬೆಂಚಿನ ಮೇಲೆ ಕೂರಿಸಿದರು. ಪ್ರಿನ್ಸಿಪಾಲರು ಅರಕಲಗೂಡಿಗೆ ಮದುವೆಗೆ ಹೋಗಿದ್ದರು. ಅವತ್ತಿನ ಜವಾಬ್ದಾರಿ ಪೂರ್ತಿ ನನ್ನದು.

ಹಳ್ಳಿಮೈಸೂರಿನ ಹುಡುಗಿಯೇ ಮೊದಲು. ಪರೀಕ್ಷಕರು ಅವಳು ಬರೆದ ಪ್ರೋಗ್ರಾಮಿನಲ್ಲಿ ಬೆರಳಿಟ್ಟು, “ಇದೇನಮ್ಮ ಇಲ್ಲಿ ಗೆರೆ?” ಎಂದರು.

“ಅದು ಬ್ಲೌಸ್ ಪೀಸು ಸಾ.”

ಅವರು ಕನ್ನಡಕ ತೆಗೆದರು. “ಏನು?”

“ಬ್ಲೌಸ್ ಪೀಸು ಸಾ. ಅಲ್ಲಿ ಬ್ಲೌಸ್ ಪೀಸು ಆಕ್ಲೇಬೇಕು.”

ಎರಡನೆಯವನನ್ನು ಕೇಳಿದರು, ಬ್ಲೌಸ್ ಪೀಸು. ಮೂರನೆಯವಳು, ಬ್ಲೌಸ್ ಪೀಸು. ಆರನೆಯವನು ಪಾಪ, ಹೆದರಿ, “ರವಿಕೆ ಬಟ್ಟೆ ಸಾರ್” ಎಂದು ಶುದ್ಧವಾಗಿ ಹೇಳಿದ. ಅಷ್ಟರಲ್ಲಿ ಅವರು ಎದ್ದು ನನ್ನ ಕೊಠಡಿಗೆ ಬಂದಿದ್ದರು.

“ಸೂಪರಿಂಟೆಂಡೆಂಟರೇ, ಇದು ಸಾಮೂಹಿಕ ನಕಲು. ಇಲ್ಲಾಂದ್ರೆ ಸಾಮೂಹಿಕ ಲೇವಡಿ. ಎರಡರಲ್ಲಿ ಯಾವುದು ಅಂತ ನೀವೇ ಹೇಳಿ. ಪರೀಕ್ಷೆ ನಿಲ್ಲಿಸಿ ವರದಿ ಬರೀತೀನಿ.”

ನಾನು ಜಗಲಿಗೆ ಬಂದೆ. ಮೇಡಂ ಎಲ್ಲವನ್ನೂ ಕಿಟಕಿಯಿಂದ ಕೇಳಿಸಿಕೊಂಡಿದ್ದರು. ಕೈ ಮಡಿಲಲ್ಲಿ ಸುಮ್ಮನೆ ಇತ್ತು. ಬೆರಳು ಅಲುಗುತ್ತಿರಲಿಲ್ಲ.

“ಇದಕ್ಕೆ ಗೆರೆ ಎಳೆಯಕ್ಕಾಗಲ್ಲ ಸಾರ್” ಎಂದರು. “ಮಕ್ಕಳಿಗೆ ಇನ್ನೊಂದು ಹೆಸರೂ ಹೇಳಿಕೊಡಬೇಕಿತ್ತು. ನನ್ನದೇ ತಪ್ಪು.”

ಮೊದಲ ದಿನವೇ ಆ ಗೆರೆಯ ವಿರುದ್ಧ ವಾದ ಮಾಡಿದವನು ನಾನು. ಈಗ ಅದರ ಪರವಾಗಿ ನಾನೇ ಮಾತಾಡಬೇಕಾಯಿತು. ಒಳಗೆ ಹೋಗಿ ತಾಂಬೂಲ, ತಟ್ಟೆ, ಕಾಯಿ, ಬೀರು ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಅವರು ಕಲ್ಲಿನಂತೆ ಕೂತು ಕೇಳಿದರು.

“ನೋಡ್ರೀ, ಬಟ್ಟೆ ಅಂದ್ಮೇಲೆ ಯಾರಾದರೂ ಹೊಲಿಸ್ಕೊಂಡೇ ಹೊಲಿಸ್ಕೋತಾರೆ. ಉಪಯೋಗಿಸದೇ ಇರೋದನ್ನ ಯಾರಾದ್ರೂ ಈಸ್ಕೋತಾರಾ? ನಿಮ್ಮ ಮೇಡಂ ಕೊಟ್ಟ ಉದಾಹರಣೆಯೇ ತಪ್ಪು.”

ಮದುವೆಯಾಗಿ ಇಪ್ಪತ್ತೈದು ವರ್ಷವಾದ ಗಂಡಸು ಆಡಬಹುದಾದ ಮಾತಲ್ಲ ಅದು. ನಾನು, “ಸಾರ್, ಒಂದು ನಿಮಿಷ. ನಿಮ್ಮ ಮನೆಗೆ ಒಂದು ಫೋನ್ ಮಾಡಿ ಕೇಳಿ” ಎಂದೆ.

ಅವರು ಸವಾಲು ಎಂದುಕೊಂಡು ಫೋನ್ ತೆಗೆದರು. ಕನ್ನಡಕ ಇನ್ನೂ ಕೈಯಲ್ಲೇ ಇದ್ದದ್ದರಿಂದ ಎಲ್ಲೋ ಒತ್ತಿ, ಸ್ಪೀಕರ್ ಆನ್ ಆಯಿತು.

“ಏನ್ರೀ, ಪರೀಕ್ಷೆ ಇಲ್ವಾ?” ಎಂದಿತು ಆ ಕಡೆಯ ದನಿ.

“ನಮ್ಮ ಮನೇಲಿ ಬ್ಲೌಸ್ ಪೀಸು ಎಷ್ಟಿವೆ?”

“ಯಾಕೆ, ನಿಮಗೆ ಬೇಕಿತ್ತಾ?”

“ಹೇಳು, ಎಷ್ಟಿವೆ?”

“ಎಪ್ಪತ್ತೋ ಎಂಬತ್ತೋ. ನಿಮ್ಮ ಸ್ವೆಟರ್ ಇಡೋ ಜಾಗದಲ್ಲೂ ಅವೇ.”

“ಹೊಲಿಸ್ಕೊಂಡಿದ್ದು?”

“ಒಂದೂ ಇಲ್ಲ. ಅವನ್ನ ಯಾರು ಹೊಲಿಸ್ಕೋತಾರ್ರೀ!”

“ಮತ್ತೆ ಯಾಕೆ ಈಸ್ಕೋತೀಯ?”

“ಮುತ್ತೈದೆಗೆ ಅಂತ ಕೊಟ್ಟಾಗ ಬೇಡ ಅನ್ನಕ್ಕಾಗುತ್ತಾ? ಈಸ್ಕೊಂಡು ಬೀರುಗೆ ಹಾಕೋದು. ಯಾರು ಕೊಟ್ಟದ್ದು ಅಂತ ಹೆಸರೂ ನೆನಪಿಟ್ಕೊಳಲ್ಲ. ಹೋದ ಸಲ ನಾನು ಪಕ್ಕದ ಮನೆಯವರಿಗೆ ಕೊಟ್ಟ ಹಸಿರುದು, ಐದು ಮನೆ ತಿರುಗಿ ನನಗೇ ಬಂತು. ಅಲ್ಲಾ, ಹೋಗಿರೋದು ಪ್ರೋಗ್ರಾಮಿಂಗ್ ಪರೀಕ್ಷೆಗೆ ತಾನೆ?”

ಅವರು ಫೋನ್ ಇಟ್ಟರು. ಕನ್ನಡಕ ಒರೆಸಿ ಹಾಕಿಕೊಂಡು ಲ್ಯಾಬಿಗೆ ಹೋದರು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ದುದ್ದದ ಹುಡುಗನ ಸರದಿ.

“ಹಾಗಾದ್ರೆ ಹೇಳು. ಬ್ಲೌಸ್ ಪೀಸು ಎಲ್ಲಿ ಹಾಕಬಾರದು?”

“ಎರರ್ ಬಂದ ಕಡೆ ಆಕ್ಬಾರ್ದು ಸಾ. ಕಾಯಿ ಕೊಳ್ತಿದ್ರೆ ಕೊಟ್ಟೋರ್ಗೆ ಏಳ್ಬೇಕು. ಮುಚ್ಕೊಂಡು ಬೀರುಗೆ ಮಡಗಿದ್ರೆ ಮನೆಯೆಲ್ಲಾ ನಾರ್ತದೆ.”

ಪರೀಕ್ಷಕರು ಚೀಲದಿಂದ ಒಂದು ಅಚ್ಚಾದ ಲ್ಯಾಬ್ ಪುಸ್ತಕ ತೆಗೆದು ನಡುವಿನ ಒಂದು ಪುಟ ಬಿಚ್ಚಿದರು. “ಇದನ್ನ ನೋಡಿ ಸರಿಯಾ ತಪ್ಪಾ ಹೇಳು.”

ಹುಡುಗ ಬಗ್ಗಿ ಒಂದು ನಿಮಿಷ ಓದಿದ. “ಇಲ್ಲಿ ಎರರ್ಗೇ ಬ್ಲೌಸ್ ಪೀಸು ಆಕ್ಬುಟ್ಟವ್ರೆ ಸಾ. ಫೈಲು ಇಲ್ದೇ ಇದ್ರೂ ಗೊತ್ತಾಗಲ್ಲ. ಇದನ್ನ ಬರ್ದೋರ್ಗೆ ನಮ್ಮ ಮೇಡಂ ಆಗಿದ್ರೆ ಮನೆಗೇ ಬುಡ್ತಿರ್ಲಿಲ್ಲ.”

“ಬರೆದದ್ದು ನಾನು.”

ಹುಡುಗ ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಬಹಳ ಕನಿಕರದಿಂದ, “ಓಗ್ಲಿ ಬುಡಿ ಸಾ” ಎಂದ.

ಪರೀಕ್ಷಕರು ನಕ್ಕದ್ದು ಆಗಲೇ. ಎಂಥ ನಗು ಅಂದರೆ ಇಸ್ತ್ರಿ ಮುರಿಯಿತು. ತಾವೇ ಎದ್ದು ಬಾಗಿಲಿಗೆ ಬಂದು, “ಮೇಡಂ, ಒಳಗೆ ಬನ್ನಿ, ಕೂತ್ಕೊಳ್ಳಿ” ಎಂದು ಕರೆದರು. ಉಳಿದ ಪರೀಕ್ಷೆಯನ್ನು ಇಬ್ಬರೂ ಸೇರಿ ಮಾಡಿದರು.

ವರದಿ ಹದಿನೈದು ದಿನದಲ್ಲಿ ಬಂತು. ಅಷ್ಟು ಒಳ್ಳೆಯ ವರದಿ ನಮ್ಮ ಕಾಲೇಜಿಗೆ ಎಂದೂ ಬಂದಿರಲಿಲ್ಲ. ಪ್ರಿನ್ಸಿಪಾಲರು ಅದನ್ನು ಸಭೆಯಲ್ಲಿ ಎರಡು ಸಲ ಓದಿದರು. ಮೇಡಂ ಬೆರಳು ಎರಡನೆಯ ಸಲ ಮಾತ್ರ ಗೆರೆ ಎಳೆಯಿತು. ಮಂಡಳಿ ಒಪ್ಪಿತು. ಕಾಯಂ ಆದೇಶವನ್ನು ನಾನು ಒಳ್ಳೆಯ ಕಾಗದದ ಮೇಲೆ ಟೈಪು ಮಾಡಿ ಸಹಿಗೆ ಇಟ್ಟೆ.

ಸಹಿಯಾಗುವ ಮೊದಲೇ ಹಾಸನದಿಂದ ಮೇಡಂ ಹೆಸರಿಗೆ ಒಂದು ಪತ್ರ ಬಂತು. ಪರೀಕ್ಷಕರು ತಮ್ಮ ಕಾಲೇಜಿಗೆ ಹೋಗಿ ಹೇಳಬೇಕಾದವರಿಗೆಲ್ಲ ಹೇಳಿದ್ದರು. ಅಲ್ಲಿ ಕಾಯಂ ಹುದ್ದೆ, ನಮಗಿಂತ ದೊಡ್ಡ ವಿಭಾಗ, ಚನ್ನರಾಯಪಟ್ಟಣದಿಂದ ಬಸ್ಸಿಗೆ ಬಸ್ಸು. ನಾವು ಮೇಡಂ ಅವರನ್ನು ಉಳಿಸಿಕೊಳ್ಳಲು ಅಷ್ಟು ಚೆನ್ನಾಗಿ ಹೋರಾಡಿದೆವು, ನೋಡಿದವರು ಎತ್ತಿಕೊಂಡೇ ಹೋದರು.

ಮೇಡಂ ಆ ಪತ್ರ ಹಿಡಿದು ನನ್ನ ಮೇಜಿನ ಮುಂದೆ ನಿಂತರು. “ಏನ್ ಮಾಡ್ಲಿ ಸಾರ್?”

ನಾನು ಕಾಯಂ ಆದೇಶದ ಕರಡನ್ನು ಕಡತದೊಳಕ್ಕೆ ಸರಿಸಿ, “ಹೋಗಿ ಮೇಡಂ. ಇದರಲ್ಲಿ ಯೋಚನೆ ಮಾಡೋದೇನಿದೆ?” ಎಂದೆ.

ಬಿಡುಗಡೆಯ ದಿನ ಸೇವಾ ಪ್ರಮಾಣಪತ್ರ ನಾನೇ ತುಂಬಬೇಕು. ಅದರ ಕೊನೆಯಲ್ಲಿ ‘ನಡತೆ’ ಎಂದು ಒಂದು ಸಾಲಿದೆ. ನನ್ನ ಸೇವೆಯಲ್ಲಿ ಹೋದವರೆಲ್ಲರಿಗೂ ಅಲ್ಲಿ ‘ತೃಪ್ತಿಕರ’ ಎಂದು ಬರೆದಿದ್ದೇನೆ. ಲ್ಯಾಬಿನ ಮೌಸು ಕದ್ದವನಿಗೂ ಅದನ್ನೇ ಬರೆದದ್ದು. ಅವತ್ತು ಪೆನ್ನು ಹಿಡಿದು ಕೂತೆ, ಆ ಪದ ಬರಲಿಲ್ಲ. ಬೇರೆ ಬರೆದೆ.

ಪ್ರಿನ್ಸಿಪಾಲರು ಸಹಿ ಹಾಕಲು ಹೋದವರು ನಿಂತರು. “ಏನ್ರೀ ಇದು? ನಡತೆ: ‘ಇವರು ಹೋಗುವುದು ನಮಗೆ ಇಷ್ಟವಿಲ್ಲ.’ ಇದು ನಡತೆನಾ?”

“ಹೌದು ಸಾರ್.”

“ಯಾರ ನಡತೆ?”

“ಅದು ಸ್ಪಷ್ಟವಾಗೇ ಇದೆ ಸಾರ್. ಐದು ಗಂಟೆಗೆ ಅವರ ಬಸ್ಸಿದೆ, ಸಹಿ ಹಾಕಿ.”

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಅಷ್ಟು ವರ್ಷದಲ್ಲಿ ನಾನು ಕೊಟ್ಟ ಕಾಗದದಲ್ಲಿ ಒಂದು ತಪ್ಪೂ ಅವರಿಗೆ ಸಿಕ್ಕಿರಲಿಲ್ಲ, ಸಹಿ ಹಾಕಿದರು. ಮೇಡಂ ಅದನ್ನು ಓದಿದರೋ ಇಲ್ಲವೋ ಗೊತ್ತಾಗಲಿಲ್ಲ. ಮಡಿಸುವಾಗ ಮಾತ್ರ ಕನ್ನಡಕ ಸ್ವಲ್ಪ ಮೇಲೆ ಸರಿಸಿಕೊಂಡರು.

ಮಾರನೆಯ ದಿನ ಹನ್ನೊಂದು ಗಂಟೆಗೆ ಹಾಸನದಿಂದ ಆ ಪರೀಕ್ಷಕರ ಫೋನ್ ಬಂತು.

“ಸೂಪರಿಂಟೆಂಡೆಂಟರೇ, ನಮ್ಮ ಆಫೀಸಿನವರು ಈ ಪ್ರಮಾಣಪತ್ರ ತಗೋತಾ ಇಲ್ಲ. ನಡತೆ ಕಾಲಂ ಸರಿಯಿಲ್ಲವಂತೆ.”

“ಅದರಲ್ಲಿ ಬರೆದಿರೋದು ನಿಜ ಸಾರ್. ತಿದ್ದಕ್ಕೆ ಬರಲ್ಲ.”

“ಹಾಗಂದ್ರೆ ನಾನು ಏನ್ ಮಾಡ್ಬೇಕು?”

“ಸರಿಯಿಲ್ಲದ ಪ್ರಮಾಣಪತ್ರ ತಂದವರನ್ನ ಸೇರಿಸ್ಕೋಬಾರದು ಸಾರ್, ನಿಯಮ ಅದು. ಅವರನ್ನ ವಾಪಸ್ಸು ಕಳಿಸಿ. ಮಧ್ಯಾಹ್ನದ ಬಸ್ಸಿಗಾದರೂ ಪರವಾಗಿಲ್ಲ, ನಾನೇ ಸ್ಟ್ಯಾಂಡಿಗೆ ಬರ್ತೀನಿ.”

“ನಡತೆ ಬಹಳ ತೃಪ್ತಿಕರ ಅಂತ ನಾನೇ ಬರ್ಕೊಡ್ತೀನಿ ಬಿಡಿ” ಎಂದು ಫೋನ್ ಇಟ್ಟರು.

ಆದರೂ ಮಧ್ಯಾಹ್ನ ಹಾಸನದ ಬಸ್ಸು ಬರುವ ಹೊತ್ತಿಗೆ ಸ್ಟ್ಯಾಂಡಿಗೆ ಹೋಗಿ ನಿಂತಿದ್ದೆ.